ಅಮ್ಮನ ಹಾಡಿಗೆ ಎಳೆಯದ ಗೆರೆ

ಗಂಟಲಿನ ವೈದ್ಯರ ಕೊಠಡಿಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಕ್ಕ-ತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಶಸ್ತ್ರಚಿಕಿತ್ಸೆಯಲ್ಲಿ ದನಿ ಕಳೆದುಕೊಂಡಿದ್ದ ಅವರ ತಾಯಿ ಒಳಗಿದ್ದರು.

“ಆಪರೇಷನ್‌ಗೆ ಮುಂಚೆ ಅಮ್ಮ ಹಾಡಿದ್ದನ್ನ ರೆಕಾರ್ಡ್ ಮಾಡ್ಕೊಂಡಿದ್ಯಲ್ಲ, ಇವತ್ತು ಕೇಳಿಸ್ತೀಯ ತಾನೇ?”

“ಅದರಲ್ಲಿ ಏನೂ ಇಲ್ಲ ಕಣಕ್ಕ. ಬರೀ ನಿಶ್ಶಬ್ದ.”

“ಅಮ್ಮ ಹಾಡ್ತಿದ್ದಾಗ ಹೆಡ್‌ಫೋನ್ ಹಾಕ್ಕೊಂಡು ತಲೆದೂಗ್ತಾ ಇದ್ಯಲ್ಲೋ!”

“ಅದು ಮೈಕ್ ಸಿಕ್ಕಿಸೋ ಪೆಟ್ಟಿಗೆಯಿಂದ ನೇರ ಕಿವಿಗೆ ಬರ್ತಿತ್ತು. ಕಂಪ್ಯೂಟರಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೀನಲ್ಲ, ಅದರಲ್ಲಿ ಮೈಕಿಗೂ ರೆಕಾರ್ಡರಿಗೂ ತೆರೆ ಮೇಲೆ ನಾವೇ ಗೆರೆ ಎಳೆದು ಜೋಡಿಸ್ಬೇಕು. ಮರೆತುಬಿಟ್ಟೆ.”

“ವಿಂಡೋಸ್ ತಾನಾಗೇ ಜೋಡಿಸ್ತಿತ್ತಲ್ಲ, ಅದಕ್ಕೇನು ರೋಗ ಬಂದಿತ್ತು?”

“ಮಧ್ಯೆ ಮಧ್ಯೆ ನಿಂತುಹೋಗ್ತಿತ್ತು. ಅಮ್ಮನ ಹಾಡು ಕೆಡಬಾರದು ಅಂತಲೇ ಬದಲಾಯಿಸಿದ್ದು.”

“ಮಹಾ ಬುದ್ಧಿವಂತ! ಅಮ್ಮನಿಗೆ ಹೇಳಿದ್ಯಾ?”

“ತುಂಬಾ ಚೆನ್ನಾಗಿ ಬಂದಿದೆ ಅಂದ್ಬಿಟ್ಟೆ. ಈಗ ಯಾವ ಬಾಯಲ್ಲಿ ಹೇಳ್ಲಿ?”

ಬಾಗಿಲು ತೆರೆಯಿತು. ಕೊರಳಿಗೆ ಪಟ್ಟಿ ಸುತ್ತಿದ್ದ ತಾಯಿ ಹೊರಬಂದು, ಮಗನನ್ನು ನೋಡಿ ನಕ್ಕು, ಬೆರಳಿನಿಂದ ಕಿವಿಯನ್ನು ಮುಟ್ಟಿ ತೋರಿಸಿದರು.

“ಮನೆಗೆ ಹೋಗೋಣ ಇರಮ್ಮ, ನಾನು ಗಾಡಿ ತರ್ತೀನಿ,” ಎನ್ನುತ್ತ ಆತ ಮೆಟ್ಟಿಲಿಳಿದು ಓಡಿದನು. ಅಕ್ಕ ತಾಯಿಯ ತೋಳು ಹಿಡಿದು, ತನ್ನಿಂದಾದಷ್ಟು ನಿಧಾನವಾಗಿ ಆಕೆಯನ್ನು ನಡೆಸಿಕೊಂಡು ಹೋದಳು.