ಗೆರೆ ಎಳೆಯದ ಸಾಲು

...ಅಲ್ಲ, ಬೆಳಿಗ್ಗೆಯಿಂದ ಆ ಕಾದಂಬರಿ ಹಿಡ್ಕೊಂಡು ಕೂತಿದೀಯಲ್ಲ, ಮನೆ ಕೆಲಸ ಏನು ದೆವ್ವ ಬಂದು ಮಾಡುತ್ತಾ? ಟ್ಯೂಷನ್ ಹುಡುಗಿ ಬರೋ ಹೊತ್ತಾಯ್ತು. ಏಳು, ಅವಳು ಕೂರೋ ಕುರ್ಚಿ ಅದು.

ಯಾಕೆ ನಗ್ತೀಯ? ತಮಾಷೆ ಮಾಡಿದ್ನಾ ನಾನು?

ಓಹೋ, ಪುಸ್ತಕದ ಬಗ್ಗೆ ಮಾತಾಡ್ಬೇಕಾ. ಮಾತಾಡೋಣ. ಊರೆಲ್ಲ ಅದನ್ನ ಕೆಟ್ಟ ಪುಸ್ತಕ ಅಂತಿದ್ದಾಗ, ಟ್ಯೂಷನ್‌ಗೆ ಬರ್ತಿದ್ದ ನಿನ್ನ ಕೈಗೆ ಕೊಟ್ಟವನು ನಾನು. ವಯಸ್ಸಾದವನು, ಎಳೇ ಹುಡುಗಿ, ಕಥೆ ಹೇಳೋನು ಅವನೇ. ಅವನ ಮಾತಿಗೆ ನೀನು ಅತ್ತಿದ್ದೆ. 'ಇಷ್ಟು ಪ್ರೀತಿ ಯಾರು ಮಾಡ್ತಾರೆ ಸರ್' ಅಂದಿದ್ದೆ. ಮದುವೆಯಾಗಿ ಇಷ್ಟು ವರ್ಷ ಆದ್ರೂ ನನ್ನನ್ನ ಸರ್ ಅಂತಾನೇ ಕರೀತೀಯ, ನೆಂಟರೆಲ್ಲ ನಗ್ತಾರೆ...

ಯಾವ ಪುಟ? ತೋರಿಸ್ಬೇಡ, ಗೊತ್ತು. ಆ ಹುಡುಗಿ 'ಮನೆಗೆ ಹೋಗ್ತೀನಿ' ಅಂತ ಒಳಗಿಂದ ಬಾಗಿಲು ಬಡಿಯೋ ಸಾಲು. ಅದಕ್ಕೆ ಗೆರೆ ಎಳೆದಿಲ್ಲ, ನಿಜ. ಯಾವ ಪುಸ್ತಕ ಕೊಟ್ರೂ ನಾನು ಮಾಡೋದು ಅದೇ. ಮುಖ್ಯವಾದ ಸಾಲಿಗೆ ಪೆನ್ಸಿಲ್ ಗೆರೆ, ಅಷ್ಟು ಓದಿದ್ರೆ ಸಾಕು. ನೀನೂ ಅಷ್ಟೇ ಓದಿದ್ದೆ, ಚೆನ್ನಾಗೇ ಇದ್ದೆ. ಉಳಿದದ್ದನ್ನ ಈಗ್ಯಾಕೆ ಕೆದಕ್ತೀಯ?

ಹಾಗೆ ನೋಡ್ಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ನಿಮ್ಮಪ್ಪನೇ ಕೈ ಮುಗಿದು ನಿನ್ನ ಕೊಟ್ಟದ್ದು. ...ಸರಿ, ಬೇರೆ ದಾರಿ ಇಲ್ಲದೆ ಕೊಟ್ರು. ಸರಿ. ಈಗೇನು?

ಆ ಟ್ಯೂಷನ್ ಹುಡುಗಿಗೆ ನಾನು ಹೇಳಿಕೊಡೋದು ಬರೀ ವ್ಯಾಕರಣ. ಈ ಪುಸ್ತಕದ ಹೆಸರೂ ಅವಳಿಗೆ ಗೊತ್ತಿಲ್ಲ. ಬಂದಾಗ ನೀನೇ ಕೇಳು, ಹೋಗ್ಲಿ.

ಇನ್ನೂ ಬರಲೇ ಇಲ್ಲವಲ್ಲ...

ಮಡಿಲಲ್ಲಿ ಏನದು? ಇನ್ನೊಂದು ಪ್ರತಿಯಾ? ಕೊಡು ಇಲ್ಲಿ. ಇದು ಹೊಸದು... ಪೆನ್ಸಿಲ್ ಗೆರೆಯ ಕಪ್ಪು ಇನ್ನೂ ಬೆರಳಿಗೆ ಅಂಟ್ತಿದೆ. ಇದು ಹೇಗೆ ನಿನ್ನ ಹತ್ರ... ಅವಳೇ ತಂದುಕೊಟ್ಟಳಾ?

ಗೆರೆ ಎಳೆದದ್ದಷ್ಟೇ ಓದು ಅಂತ ಅವಳಿಗೆ ಹೇಳಿದ್ದೆ ಕಣೇ. ಪೂರ್ತಿ ಓದಿಬಿಟ್ಟಳಾ? ಏನಂದಳು? ...ಮಾತಾಡೇ, ಏನಂದಳು?

ಯಾರೋ ಬಾಗಿಲು ಬಡೀತಿದ್ದಾರೆ. ಅವಳ ಕೈ ಅಲ್ಲ ಅದು. ಅವಳಮ್ಮನಾ? ನೀನೇ ಬರ ಹೇಳಿದ್ಯಾ?

ತೆಗೀಬೇಡ. ಕೂತ್ಕೋ. ಕೂತ್ಕೋ ಅಂದೆ... ನಿಲ್ಲೇ ಒಂದು ನಿಮಿಷ. ನನ್ನ ಕಡೆ ತಿರುಗು. ಒಂದೇ ಒಂದು ಸಲ, ಸರ್ ಅನ್ನು.