ಆಲದ ಬಾವಿಯ ಚುಕ್ಕೆ

ಹೆದರುವವರು ಎದ್ದು ಒಳಗೆ ಹೋಗಿ ಮಲಗಿ. ಇದು ನಮ್ಮ ಚಿಕ್ಕಪ್ಪನ ಮಗಳು ಸುಮಲತಾಗೆ ಹೋದ ವರ್ಷ ಆದದ್ದು... ಕಟ್ಟುಕತೆಯಲ್ಲ.

ರಾತ್ರಿ ಆಕೆ ಬೋನಾಳ ದಾರಿಯಲ್ಲಿ ಕೊನೆಯ ಬಸ್ಸಿಳಿದಾಗ ನರಪಿಳ್ಳೆ ಇರಲಿಲ್ಲ. ಆಕೆಗೆ ಮೈಯೆಲ್ಲ ಸಿಟ್ಟು. ಸುರಪುರದ ಒಂದು ಸಂಸ್ಥೆಯಲ್ಲಿ ಊರೂರ ಬಾವಿ ನೀರಿನ ಲೆಕ್ಕ ನೋಡುವ ಕೆಲಸ ಆಕೆಯದು. ಅವತ್ತು ಅಲ್ಲಿಯ ಸಾಹೇಬ ಹೇಳಿದ್ದ: "ಆಲದ ಬಾವಿದು ವಿಷದ ಅಂಕಿ ಭಾಳ ಬಂದೈತಿ. ಆ ಸಾಲು ಅಳಿಸಿಬಿಡು. ಬಾವಿ ಮತ್ತ ತೆರೀಬೇಕಂತ ಮ್ಯಾಲಿನವ್ರು ಕುಂತಾರ."

"ಅಳಸಂಗಿಲ್ರಿ."

"ಹಂಗಾದ್ರ ನಾಳಿ ನಾನ ಅಳಸ್ತೀನಿ. ನೀ ಬ್ಯಾರೆ ನೌಕರಿ ನೋಡ್ಕೊ."

ಸುಮಲತಾಳದೊಂದು ಕಟ್ಟಳೆ ಇತ್ತು. ಲ್ಯಾಬಿನಿಂದ ಬಂದ ಮೂಲ ಫೈಲನ್ನು ಯಾರೂ ಮುಟ್ಟಕೂಡದು. ತಿದ್ದುವುದೇನಿದ್ದರೂ ಆರ್ ಎಂಬ ಕಂಪ್ಯೂಟರ್ ಭಾಷೆಯ ಸ್ಕ್ರಿಪ್ಟಿನಲ್ಲಿ, ಕಾರಣ ಬರೆದು. ಆ ಸ್ಕ್ರಿಪ್ಟು ಫೈಲಿನ ಸಾಲುಗಳನ್ನು ಓದಿ, ವಿಷದ ಬಾವಿಗೆ ಕೆಂಪು ಚುಕ್ಕೆಯಿಟ್ಟು ನಕ್ಷೆ ಬಿಡಿಸುತ್ತಿತ್ತು. ಯಾರ ಕಂಪ್ಯೂಟರಿನಲ್ಲಿ ಓಡಿಸಿದರೂ ಅದೇ ಉತ್ತರ ಬರಬೇಕು. ಬಿತ್ತನೆ ಜೋಳದ ಚೀಲಕ್ಕೆ ಹಿಟ್ಟಿಗೆಂದು ಯಾರಾದರೂ ಕೈ ಹಾಕುತ್ತಾರೆಯೇ? ಸಾಹೇಬನಿಗೆ ಅದೆಲ್ಲಿ ತಿಳಿಯಬೇಕು!

ನಡೆಯುತ್ತ ನಡೆಯುತ್ತ ಆಲದ ಮರ ಬಂತು. ಅದರ ಬುಡಕ್ಕೇ ಆ ಬಾವಿ. ನೀರು ಸೇದುವ ಗಡಗಡಿ ಬಿಚ್ಚಿ ಒಯ್ದು, ಬಾಯಿಗೆ ಕಲ್ಲುಚಪ್ಪಡಿ ಎಳೆದಿದ್ದರು. ವರ್ಷಾನುಗಟ್ಟಲೆ ಅದೇ ನೀರು ಕುಡಿದ ಪಕ್ಕದ ಮನೆಯ ತಿಮ್ಮವ್ವ ಅಂಗೈ ಕಪ್ಪಾಗಿ, ಸೊರಗಿ ಸತ್ತಿದ್ದಳು.

ಕಿರ್ರ್... ಕಿರ್ರ್...

ಸುಮಲತಾ ನಿಂತಳು. ಗಡಗಡಿಯ ಸದ್ದು. ಆಮೇಲೆ ಚಪ್ಪಡಿಯ ಕೆಳಗೆ, ಆಳದಲ್ಲಿ... ಡುಬಕ್! ಕೊಡ ನೀರಿಗೆ ಬಿದ್ದ ಸದ್ದು.

"ಯವ್ವಾ..." ಬೆನ್ನ ಹಿಂದೆಯೇ ಪಿಸುದನಿ. "ನಂದು ಅಳಸ್ತಾರಂತಲ್ಲ..."

ಸುಮಲತಾಗೆ ಹೆದರಿಕೆಗಿಂತ ಸಿಟ್ಟೇ ಮೇಲಾಯಿತು. ತಿರುಗಿ ನೋಡದೆ ಅಂದಳು:

"ತಿಮ್ಮವ್ವತ್ತಿ, ನನ್ನ ಹೆದರಸಬ್ಯಾಡ. ಸಾಹೇಬಗ ಹೆದರಿಲ್ಲ, ನಿನಗ ಹೆದರ್ತೀನೇನು? ನಾ ಅಳಸಂಗಿಲ್ಲ."

"ಅಂವಾ ಅಳಸಿದ್ರ...?"

"ಹಂಗಾದ್ರ ಅಲ್ಲಿ ಹೋಗು! ನನ್ನ ಬೆನ್ನು ಯಾಕ ಹತ್ತಿ?"

ಸದ್ದು ನಿಂತಿತು. ಸುಮಲತಾ ಓಡಲಿಲ್ಲ. ನಡೆದುಕೊಂಡೇ ಮನೆ ಸೇರಿದಳು.

ಬೆಳಿಗ್ಗೆ ಸಾಹೇಬ ತನ್ನ ಕಂಪ್ಯೂಟರಿನಲ್ಲಿ ಮೂಲ ಫೈಲಿನಿಂದಲೇ ಆ ಸಾಲು ಅಳಿಸಿದ. ಆಕೆಯ ಎದುರಿಗೇ ಸ್ಕ್ರಿಪ್ಟನ್ನು ಮೊದಲಿನಿಂದ ಓಡಿಸಿದ. ನಕ್ಷೆ ಮೂಡಿತು... ಆಲದ ಬಾವಿಯ ಕೆಂಪು ಚುಕ್ಕೆ ಇದ್ದಲ್ಲೇ ಇತ್ತು.

ಫೈಲು ತೆರೆದ. ಸಾಲಿಲ್ಲ. ಮತ್ತೆ ಓಡಿಸಿದ. ಚುಕ್ಕೆ ಇದೆ. ಬೆವರೊರೆಸಿಕೊಂಡು ಫೈಲನ್ನೂ ಸ್ಕ್ರಿಪ್ಟನ್ನೂ ಯಾದಗಿರಿ ಆಫೀಸಿನ ಮುನಾವರನಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅವನ ಫೋನು:

"ಆಲದ ಬಾವಿ ಕೆಂಪು ಬಂದೈತ್ರಿ ಸಾಹೇಬ್ರ... ಆದ್ರ ಫೈಲಿನ್ಯಾಗ ಆ ಬಾವಿನ ಇಲ್ಲಲ್ರಿ?"

ಸುಮಲತಾ ಕೈಕಟ್ಟಿ ನಿಂತಿದ್ದಳು. "ನಾ ಹೇಳಿದ್ದಿಲ್ಲೇನ್ರಿ? ಯಾರು ಓಡಿಸಿದ್ರೂ ಅದ ಉತ್ತರ."

ಸಾಹೇಬ ಆಕೆಯ ನೌಕರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಬಾವಿಯ ಚಪ್ಪಡಿ ಇವತ್ತಿಗೂ ಸರಿದಿಲ್ಲ.

ನಗಬೇಡಿ. ಸಾಹೇಬ ಸಾಲು ಅಳಿಸಿದ ಆ ಫೈಲೂ ಸ್ಕ್ರಿಪ್ಟೂ ನನ್ನ ಹತ್ತಿರ ಇವೆ. ನಾನೇ ಕೂತು ಓಡಿಸಿದ್ದೇನೆ, ಹಾಡಹಗಲಲ್ಲಿ. ಸಾಲಿಲ್ಲ... ಚುಕ್ಕೆ ಇದೆ.