ಸಾಹೇಬನ ಪದಕ

ದಕ್ಷಿಣ ಲಂಡನ್ನಿನ ಆ ಸಣ್ಣ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷದಿಂದ ರೈಲಿಲ್ಲ. ಟೂಟಿಂಗ್‌ನ ಹೋಟೆಲಿಗೆ ದೋಸೆ ಹೊಯ್ಯಲು ಹೊರಟಿದ್ದ ಕುಂದಾಪುರದ ಕರುಣಾಕರನಿಗೆ ಪಕ್ಕದ ಬೆಂಚಿನಿಂದ ಧಾರವಾಡದ ಕನ್ನಡ ಕೇಳಿಸಿತು. ಡಾಕ್ಟರ್ ದಂಪತಿ, ಗಂಡನ ಕೈಯಲ್ಲಿ ಪೇಪರ್. ತಾನೂ ಕನ್ನಡದವನೆಂದು ಹೇಳದೆ ಅವನು ಕಿವಿಗೊಟ್ಟ.

“ಯಾರ ಫೋಟೋರೀ ಅದು?”

“ನಮ್ಮ ಈ ರೈಲು ಕಂಪನಿ ಸಾಹೇಬಂದು. ರಿಟೈರ್ ಆಗ್ಲಿಕ್ಕತ್ತಾನ.”

“ಬಿಸ್ಕೀಟ್ ಕಂಪನಿಯಿಂದ ಬಂದಾಂವ ಅಲ್ಲೇನು?”

“ಅಂವನ. ರೈಲು ಪ್ರೈವೇಟ್ ಆದಾಗ ಬಂದ. ಏಳು ವರ್ಷದಾಗ ಗಾಡಿ ಎಲ್ಲಾ ಟೈಮಿಗೆ ಮುಟ್ಟೂಹಂಗ ಮಾಡಿದನಂತ. ರಾಣಿ ಪದಕ ಕೊಡ್ತಾಳಂತ.”

“ತಾ ಒಮ್ಮೆರೆ ರೈಲು ಹತ್ತ್ಯಾನೇನು?”

“ಕಾರಿನ್ಯಾಗ ಹೋಗ್ತಾನ. ಟ್ರಾಫಿಕ್ ಭಾಳ ಅಂತ ಇದರಾಗ ಗೋಳಾಡ್ಯಾನ.”

“ಮತ್ತ ಟೈಮಿಗೆ ಹೆಂಗ ಮುಟ್ಟಿಸಿದಾ?”

“ತಡಾ ಆದ ಗಾಡಿ ಸಣ್ಣ ಸ್ಟೇಷನ್‌ನ್ಯಾಗ ನಿಂದರಬಾರದು ಅಂತ ಹುಕುಂ ಮಾಡ್ಯಾನ. ಕಡೀ ಸ್ಟೇಷನ್ ಮುಟ್ಟಿದ್ದಷ್ಟ ಲೆಕ್ಕ.”

ದೂರದಲ್ಲಿ ರೈಲು ಕಂಡಿತು. ಹೆಂಡತಿ ಬ್ಯಾಗು ಹೆಗಲಿಗೇರಿಸಿದರು. “ಏಳ್ರಿ, ಒಂಬತ್ತಕ್ಕ ಪೇಷಂಟ್ ಬಂದು ಕೂತಿರ್ತಾರ.”

ರೈಲು ವೇಗ ತಗ್ಗಿಸದೆ, ಮೂವರ ಮುಖಕ್ಕೂ ಗಾಳಿ ರಾಚಿ ಹಾದುಹೋಯಿತು. ಗಂಡ ಪೇಪರನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದರು. ಮೆಟ್ಟಿಲ ಕಡೆ ನಡೆಯುತ್ತಾ ಆಕೆ ರೈಲಿನ ಬಾಲದತ್ತ ಕೈ ಮಾಡಿದರು.

“ನೋಡ್ರಿ, ಹೊಂಟದ ಅವನ ಪದಕ. ನಡೀರಿ, ನಾವು ಬಸ್ಸಿಗೆ ಹೋಗೋಣು.”